ಏನೂ ಕಾಣಲಿಲ್ಲ

ಕಬ್ಬಿನ ಟ್ರ್ಯಾಕ್ಟರು ಎರಡು ಡಬ್ಬಿ ಎಳೆದುಕೊಂಡು
ಹಾಡು ಹಚ್ಚಿಕೊಂಡು ಹೋದ ಮೇಲೆ
ರಸ್ತೆ ಮತ್ತೆ ಕತ್ತಲಿಗೆ ಸೇರಿತು.
ಯಡಹಳ್ಳಿ ಕ್ರಾಸಿನಲ್ಲಿ ಟಂಟಂ ಇಳಿದೆವು ನಾಲ್ವರು,
ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಟಾವೆಲ್ಲು.
ನೀಲಗಂಗಾಳ ಕಾಲಲ್ಲಿ ಮಗನ ಬೂಟು,
ಎರಡು ನಂಬರು ದೊಡ್ಡದು, ತುದಿಗೆ ಅರಳೆ ತುರುಕಿದ್ದು.
"ಐದಕ್ಕ ಬರ್ತೀನಿ ಅಂದಾಂವ ಆರಕ್ಕ ಬಂದ!"
ಅವಳ ಸಿಟ್ಟು
ಮಡ್ಡಿ ಹತ್ತುವವರೆಗೂ ಇಳಿಯಲಿಲ್ಲ.

ಮಡ್ಡಿ.
ಇಪ್ಪತ್ತಾರು ವರ್ಷ ತಲಾಟಿ ಕೆಲಸ ಮಾಡಿದವಳು ನಾನು,
ಇಂಥ ನೆಲದ ಮುಂದೆಲ್ಲ
ನನ್ನ ಕೈಯಾರೆ ಬರೆದಿದ್ದೇನೆ: ಖರಾಬು.
ಈಗ ಆ ಖರಾಬಿನ ತುಂಬ ಮೊಳಕಾಲುದ್ದ ಹುಲ್ಲು,
ಬಿಸಿಲಿಗಿಟ್ಟ ರೊಟ್ಟಿಯ ಬಣ್ಣ,
ಎಸಳೆಸಳಿಗೂ ಇಬ್ಬನಿ.
ಸೀರೆಯ ಅಂಚು ಗೇಣುದ್ದ ತೊಯ್ದು
ಕಣಕಾಲಿಗೆ ಹತ್ತಿಕೊಂಡಿತು, ಹಟದ ಕೂಸಿನ ಹಾಗೆ.

ಮಂಜು ಹೊಳೆಯ ಕಡೆಯಿಂದ ಬಂತೋ
ನೆಲದಿಂದಲೇ ಎದ್ದಿತೋ.
ಮುಂದಿದ್ದ ರತ್ನಮಾಲಾ ಮೊದಲು ಬಣ್ಣ ಕಳೆದುಕೊಂಡಳು,
ಆಮೇಲೆ ಕಾಲು,
ಆಮೇಲೆ ಉಳಿದದ್ದು ಅವಳ ಕೆಮ್ಮು ಮಾತ್ರ.
"ಎಲ್ಲಿದ್ದೀಯವ್ವಾ?"
"ಇಲ್ಲೇ."
"ಇಲ್ಲೇ ಅಂದ್ರ ಎಲ್ಲಿ?"
"ಬಾರಿಗಿಡದ ಹತ್ರ."
ಬಾರಿಗಿಡ ನೂರಿದ್ದವು.
ಕೈಗೆ ಸಿಕ್ಕ ಗಿಡಕ್ಕೇ ನಿಂತು ಹಣ್ಣು ಹರಿದು ತಿಂದೆ,
ಥಂಡಿಗೆ ಕಲ್ಲಾದ ಹಣ್ಣು,
ಸಿಹಿಯೋ ಒಗರೋ,
ಬಾಯೊಳಗೆ ಮೂರನೇ ಇಯತ್ತೆ.

ಮೆಹರುನ್ನಿಸಾ ಮಾತ್ರ ಯಾರನ್ನೂ ಕೂಗುವುದಿಲ್ಲ.
ದವಾಖಾನೆಯ ರಾತ್ರಿಪಾಳಿ ಮಾಡಿ ಮಾಡಿ
ಬೆಳಗು ಎಂದರೆ ಅವಳಿಗೆ ಕಣ್ಣು ಮುಚ್ಚುವ ಹೊತ್ತು.
ಇಲ್ಲಿಯೂ ವಾರ್ಡಿನಲ್ಲಿ ನಡೆದಂತೆಯೇ ನಡೆಯುತ್ತಾಳೆ,
ಮಲಗಿದ ಕಲ್ಲು
ಮಗ್ಗಲು ಬದಲಿಸೀತು ಎಂಬಂತೆ.

ತಗ್ಗಿಗಿಳಿದರೆ ಅಡವಿ.
ದೊಡ್ಡದೇನಲ್ಲ, ಕಮರ, ಬೇವು, ಮುಳ್ಳಿನ ಕಾರೆ,
ನಮ್ಮ ತಲೆಗಿಂತ ಒಂದೆರಡು ಮೊಳ ಹೆಚ್ಚು.
ಎಲೆಯಿಂದ ಎಲೆಗೆ ಹನಿ ಇಳಿಯುವ ಸದ್ದು.
ಎಲ್ಲೋ ಬುರಲಿ ಹಾರಿತು, ಎದೆ ನಮ್ಮದು ಹಾರಿತು.
ಇಲಾಖೆಯ ಬೋರ್ಡಿನಲ್ಲಿ ಚಿಂಕಾರದ ಚಿತ್ರ,
ಬಣ್ಣ ಸುಲಿದು ಉಳಿದದ್ದು ಎರಡು ಕೋಡು.
"ಆತು, ಚಿಗರಿ ನೋಡಿದಂಗಾತು,
ನಡೀರಿ ಮನಿಗೆ," ಎಂದಳು ನೀಲಗಂಗಾ.

ಹೊತ್ತು ಮೂಡಿದ್ದು ಫ್ಯಾಕ್ಟರಿಯ ಚಿಮಣಿ ಪಕ್ಕಕ್ಕೆ.
ಗಾಳಿಗೆ ಕಾಕಂಬಿಯ ವಾಸನೆ.
ದಾರಿ ಎಡಕ್ಕೆಂದು ಒಬ್ಬಳು, ಬಲಕ್ಕೆಂದು ಇನ್ನೊಬ್ಬಳು,
ಫೋನು ಎರಡೂ ಅಲ್ಲ ಎಂದಿತು,
ಜಗಳ ಬಿಸಿಲಿನಂತೆ ಏರುತ್ತಿತ್ತು.

ಆಗ ಕಂಡಿತು.
ಕಾರೆಕಂಟಿಯ ಹಿಂದೆ, ಇಪ್ಪತ್ತು ಮಾರು ದೂರ,
ಕೆಂಪು ಮಣ್ಣೇ ತುಸು ಎದ್ದು ನಿಂತಂತೆ.
ಮೂಗಿನ ಮುಂದೆ ಉಸಿರಿನ ಹೊಗೆ.
ಬಾಲ ಒಂದು ಸಲ ಆಡಿತು.
ಕೂಗಲು ಬಾಯಿ ತೆರೆದೆ,
ಥಂಡಿ ಗಾಳಿ ಹಲ್ಲಿಗೆ ಹತ್ತಿತು,
ಮುಚ್ಚಿದೆ.
ಯಾಕೆಂದು ಕೇಳಿದರೆ ಹೇಳಲಾರೆ.
ಕಾಗದಕ್ಕೆ ಏರಿದ್ದೆಲ್ಲ
ಯಾರದೋ ಹೆಸರಿಗೆ ಹೋಗುತ್ತದೆ,
ಅಷ್ಟು ಗೊತ್ತು ನನಗೆ.

ಬಂಡೆಯ ಮೇಲೆ ಡಬ್ಬಿ ಬಿಚ್ಚಿದೆವು.
ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ.
ರತ್ನಮಾಲಾಗೆ ಬಳ್ಳೊಳ್ಳಿ ಹಾಕದ್ದು ಬೇರೆ ಗಂಟು,
ಬೈಯುತ್ತ ಬಂದ ನೀಲಗಂಗಾಳೇ ನೆನಪಿಟ್ಟು ಕಟ್ಟಿದ್ದು.
ಥರ್ಮಾಸಿಗೆ ಒಂದೇ ಮುಚ್ಚಳ,
ನಾಲ್ಕು ತುಟಿ ಸುತ್ತುವಷ್ಟರಲ್ಲಿ ಚಹಾ ಆರಿತ್ತು.
ಯಾರೂ ಆರಿತು ಎನ್ನಲಿಲ್ಲ.

ತಿರುಗಿ ಬರುವಾಗ ಟಂಟಂನ ಹಿಂದಿನ ಸೀಟು.
ಮೆಹರುನ್ನಿಸಾ ನನ್ನ ಶಾಲಿಗೆ ಹತ್ತಿದ ಮುಳ್ಳುಕಾಯಿ
ಒಂದೊಂದೇ ಕೀಳುತ್ತಿದ್ದಳು,
ಹೊಲಿಗೆ ಬಿಚ್ಚುವವಳ ಹಾಗೆ,
ಬಿಸಾಡದೆ ಅಂಗೈಯಲ್ಲೇ ಕೂಡಿಸುತ್ತ.
"ಏನೂ ಕಾಣಲಿಲ್ಲ ನೋಡ, ಬರೇ ಕಾಲು ನೋಯಿಸ್ಕೊಂಡ್ವಿ,"
ಮುಂದಿನಿಂದ ನೀಲಗಂಗಾ.
ಹೌದು ಬಿಡ, ಎಂದೆ.

ಗಾಡಿ ಒಂದು ತಗ್ಗಿಗೆ ಹಾರಿ ಇಳಿಯಿತು.
ಆ ಗದ್ದಲದಲ್ಲಿ ಬಾಗಿ, ವಾರ್ಡಿನ ದನಿಯಲ್ಲಿ,
ನನಗಷ್ಟೇ ಕೇಳುವಂತೆ ಮೆಹರುನ್ನಿಸಾ:
"ಕಿವಿ ಎಷ್ಟ ದೊಡ್ಡೂ ಇದ್ದೂವಲಾ."