ಕಿವಿರು

ಲೋಬೊ ಸಾಹೇಬರಿಗೆ ತಲೆ ನೆಟ್ಟಗಿಲ್ಲ ಅಂತ
ನಮ್ಮ ಸಾಲಿನವರೆಲ್ಲ ಒಪ್ಪಿಕೊಂಡು ಬಹಳ ಕಾಲವಾಗಿತ್ತು.
ಮೆಗ್ಗಾನ್ ಆಸ್ಪತ್ರೆಯ ಥಿಯೇಟರಿನಲ್ಲಿ
ಮೂವತ್ತು ವರ್ಷ ಕತ್ತರಿ, ಚಿಮಟ ಎಣಿಸಿ ನಿವೃತ್ತರಾದವರು
ಭಾನುವಾರ ನಸುಕಿಗೇ ಹೊಳೆಗೆ ಹೋಗಿ
ಹಿಡಿದ ಮೀನನ್ನೆಲ್ಲ ಅಲ್ಲೇ ಬಿಟ್ಟು
ಹತ್ತು ಗಂಟೆಗೆ ನನ್ನ ಹಲಗೆಯ ಮುಂದೆ ನಿಂತು
'ಬೇಬಕ್ಕ, ಅರ್ಧ ಕಿಲೊ ಬಂಗುಡೆ' ಅನ್ನುತ್ತಿದ್ದರು.

ಬಿಡೋದಕ್ಕೆ ಯಾಕೆ ಹಿಡೀಬೇಕು ಅಂತ ನಕ್ಕೆ.
ಚಿಲ್ಲರೆ ಎಣಿಸುತ್ತಲೇ ಅಂದರು:
'ಹಿಡಿಯೋದು ಎಲ್ಲರಿಗೂ ಬರುತ್ತೆ. ಒಂದ್ಸಲ ಬನ್ನಿ.'

ಇಪ್ಪತ್ತಾರು ವರ್ಷದಿಂದ ಮೀನಲ್ಲೇ ಇರುವ ಕೈ ಇದು.
ಕತ್ತಲಲ್ಲಿ ಕೊಟ್ಟರೂ ಹೆಸರು ಹೇಳುತ್ತೆ.
ಸಿಟ್ಟಿಗೇ ಹೋದೆ.

ಸೋಮವಾರ. ತೂದೂರಿನ ಕೆಳಗೆ
ಬಂಡೆಗಳು ಇನ್ನೂ ರಾತ್ರಿಯಷ್ಟೇ ತಣ್ಣಗಿದ್ದವು.
ಇಕ್ಕುಳದಿಂದ ಗಾಳದ ಮುಳ್ಳನ್ನು ಅಮುಕಿ ಚಪ್ಪಟೆ ಮಾಡಿ
ರಾಗಿ ಉಂಡೆ ಸಿಕ್ಕಿಸಿದರು:
'ಹೊಕ್ಕ ದಾರಿಯಲ್ಲೇ ಹೊರಗೆ ಬರಬೇಕು.'

ಆಮೇಲೆ ಬರೀ ಕಾಯುವುದು. ನನಗೆ ನಿದ್ದೆ ಬಂತು.

ಎದ್ದದ್ದು ರೀಲು ಕಿರುಚಿದಾಗ.
ಮಹಶೀರ್. ಒಂದೊಂದು ಹುರುಪೆಯೂ ಎಂಟಾಣೆ ಅಗಲ.
ದಡಕ್ಕೆ ಬಂದದ್ದೇ ತಡ, ನಾನು ಸೆರಗು ಸುತ್ತಿ ನುಗ್ಗಿದೆ.
ಮನುಷ್ಯ ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿರಲಿಲ್ಲ:
'ಒಣ ಬಟ್ಟೆ ಬೇಡ! ಕೈ ಒದ್ದೆ ಮಾಡಿ, ಮೊದಲು ಕೈ!'

ಆ ಲೋಳೆ ಅದರ ಅಂಗಿಯಂತೆ.
ಉಪ್ಪು ಹುಣಸೆ ಹಾಕಿ
ನಾನು ದಿನಾ ಉಜ್ಜಿ ತೆಗೆಯುವ ಅದೇ ಲೋಳೆ.

ಮೊಣಕೈವರೆಗೆ ಅದ್ದಿಕೊಂಡೆ.
ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಬಾಲದ ಬುಡಕ್ಕೆ.
ಅವರ ಫೋನಿನಲ್ಲಿ ನೋಡಿದ್ದೆನಲ್ಲ,
ಬಾಸ್ ಅಂತೆ, ಯಾವುದೋ ದೇಶದ ಮೀನು,
ಬಾಯಿಗೆ ಹೆಬ್ಬೆರಳು ತುರುಕಿ, ನೇತುಹಾಕಿ ಹಲ್ಲು ಬಿಡುವ ಗಂಡಸರು.
'ಅದಕ್ಕೂ ಅಷ್ಟೇ. ಮೈ ತುಂಬಿದ್ದನ್ನು ಹಾಗೆ ತೂಗಿದರೆ
ದವಡೆ ಕಳಚುತ್ತೆ. ಹೊಟ್ಟೆಗೊಂದು ಕೈ ಬೇಡವೆ?'

'ಎತ್ತುವಾಗ ನಿಮ್ಮ ಉಸಿರು ಬಿಗಿಹಿಡಿಯಿರಿ.
ನಿಮಗೆ ತಡೆಯದಾದರೆ ಅದಕ್ಕೂ ತಡೆಯದು.'

ಬಿಗಿಹಿಡಿದೆ.
ಗಾಳ ಸುಳುವಾಗಿ ಕಳಚಿತು.
ಹೆಬ್ಬೆರಳು ಮಾತ್ರ ತಾನಾಗಿಯೇ ಸರಿಯಿತು,
ಕಿವಿರಿನ ಮುಚ್ಚಳದ ಕಡೆಗೆ.
ದಿನಕ್ಕೆ ಇನ್ನೂರು ಸಲ ಎತ್ತಿ ತೋರಿಸುವ ಬೆರಳು:
ನೋಡಿ ಅಮ್ಮಾ, ಎಷ್ಟು ಕೆಂಪಗಿದೆ.
ಮಣಿಕಟ್ಟಿನ ಮೇಲೆ ಏಟು ಬಿತ್ತು.
ಏನೂ ಹೇಳಲಿಲ್ಲ ಅವರು.

ನೀರು ಬರುವ ಕಡೆಗೆ ಮುಖ ಮಾಡಿ ಹಿಡಿದೆ.
ತಳ್ಳುವಂತಿಲ್ಲ. ಕಾಲು ಮರಗಟ್ಟಿತು.
ಮುಚ್ಚಳ ತೆರೆಯಿತು, ಮುಚ್ಚಿತು,
ಒಳಗಿನ ಕೆಂಪು ಯಾರಿಗೂ ತೋರಿಸಲಿಕ್ಕಲ್ಲ.
ಎಷ್ಟು ಕಿಲೊ ಅಂತ ಹೇಳಲಾಗದ ಮೀನು ಇದೇ ಮೊದಲು.
ಬಾಲ ಒಮ್ಮೆ ಬಿಗಿಯಾಯಿತು.
ನಾನು ಬಿಟ್ಟೆ ಅನ್ನುವುದು ಸುಳ್ಳು.
ಹೋಯಿತು.

ಮರಳುವಾಗ ಬಸ್ಸಿನಲ್ಲಿ ಹೇಳಿದರು:
ಹೋದ ವರ್ಷ ಒಂದು, ಗಾಳವನ್ನು ಒಳಗೇ ನುಂಗಿತ್ತು.
ಎಳೆದೆ, ಬೇಬಕ್ಕ. ರಕ್ತ ಬಂತು.
ಈಗ ಹಾಗಾದರೆ ದಾರ ಕತ್ತರಿಸಿ ಬಿಟ್ಟುಬಿಡ್ತೀನಿ.
ಒಂದು ಚಿಮಟ ಲೆಕ್ಕಕ್ಕೆ ಸಿಗದಿದ್ದರೆ
ಸರ್ಜನ್ನಿಗೇ ಹೊಲಿಗೆ ಹಾಕಲು ಬಿಡದಿದ್ದವರು
ಕಿಟಕಿಯ ಆಚೆ ನೋಡುತ್ತಾ ಕುಳಿತರು,
ಒಳಗೇ ಉಳಿದ ಕಬ್ಬಿಣಗಳನ್ನು ಎಣಿಸುವವರಂತೆ.

ಮಂಗಳವಾರ ಮೊದಲ ಗಿರಾಕಿ:
'ತಾಜಾ ಇದೆಯಾ?'
ಮುಚ್ಚಳ ಎತ್ತಿ ತೋರಿಸಿದೆ. ಕೆಂಪಗಿತ್ತು.
ತೂಗಿದೆ, ಕೊಯ್ದೆ, ಕಾಸು ಎಣಿಸಿಕೊಂಡೆ.

ಪಕ್ಕದ ಹಲಗೆಯ ಸುಗಂಧಿ ನೋಡಿ ಕೇಳಿದಳು,
ಸತ್ತ ಮೀನು ಮುಟ್ಟೋಕೆ
ಕೈಯನ್ಯಾಕೆ ಬಕೆಟ್ಟಿಗೆ ಅದ್ದಿಕೊಂಡೆ ಅಂತ.