ನಡೆಯದ ಹತ್ತು

ಮೋಕಾ ರೋಡಿನ ಮಾರ್ಟಿಗೆ ಹೊಸ ಟ್ರಾಲಿ ಬಂದು ಮೂರು ತಿಂಗಳು.
ಒಂದರ ಕೊರಳಿಗೆ ಇನ್ನೊಂದರ ಸರಪಳಿ,
ಹಿಡಿಕೆ ಹತ್ರ ಸೀಳಿದಂಥ ಸಣ್ಣ ಬಾಯಿ.
ಹತ್ತರ ಕಾಯಿನ್ ತುರುಕಿದ್ರೆ ಬಿಡ್ತೈತೆ,
ತಂದು ಮತ್ತೆ ಕಟ್ಟಿದ್ರೆ ಉಗುಳ್ತೈತೆ.
ಇಷ್ಟೇ ಕತೆ. ಇದನ್ನ ದಿನಾ ಹೇಳೋಕೇ
ನನಗೆ ತಿಂಗಳಿಗೆ ಹನ್ನೊಂದು ಸಾವಿರ.

ಆದ್ರೆ ಬಳ್ಳಾರಿಯಾಗೆ ಹತ್ತರ ಕಾಯಿನ್ ಯಾರ ಹತ್ರ ಐತೆ?
ಆಟೋದವನು ಒಲ್ಲೆ ಅಂತಾನೆ.
ಒಗ್ಗರಣೆ-ಮಿರ್ಚಿ ಗಾಡಿಯ ಪಂಪಣ್ಣ
ಎಣ್ಣೆಗೈಯಿಂದಲೇ ಆಚೆ ತಳ್ತಾನೆ: ನಡಿಯಂಗಿಲ್ಲ, ನೋಟು ಕೊಡು.
ನಡಿತೈತೆ ಅಂತ ಬ್ಯಾಂಕಿನ ಗೋಡೆಗೆ ಅಂಟಿಸ್ಯಾರೆ;
ಗೋಡೆ ಮೇಲಷ್ಟೇ ನಡಿತೈತೆ.
ಊರೇ ಒಲ್ಲೆ ಅಂದದ್ದನ್ನ
ಈ ಕಬ್ಬಿಣದ ಬುಟ್ಟಿ ಹಲ್ಲು ಕಚ್ಚಿ ಹಿಡ್ಕೊಂತೈತೆ.

ಅದಕ್ಕೇ ಅಂಗಿ ಜೇಬಿನಾಗೆ ನಾನೇ ಒಂದು ಇಟ್ಟೀನಿ.
ಇಲ್ದವರಿಗೆ ಕೊಡ್ತೀನಿ, ಹೋಗ್ತಾ ಕೊಟ್ಟು ಹೋಗ್ತಾರೆ.
ಜೀನ್ಸ್ ಹೊಲಿಯೋ ಗಾದಿಲಿಂಗ, ಬೆರಳೆಲ್ಲ ನೀಲಿ.
ಲೆಕ್ಕದ ಟೀಚರ್ ವಿಶಾಲಾಕ್ಷಿ, ಎರಡು ಸಲ ಎಣಿಸೋಳು, ಒಂದನ್ನೇ.
ಸಂಜೆ ಅದು ಜೇಬಿಗೆ ಬಂದಾಗ ಬೆಚ್ಚಗಿರ್ತೈತೆ,
ಒಮ್ಮೊಮ್ಮೆ ಕೊತ್ತಂಬರಿ ವಾಸನೆ.

ರಜೆಗೆ ಬಂದ ಶಾಹೀನ್, ಕೌಲ್ ಬಜಾರಿನವಳು,
ಜರ್ಮನಿಯಾಗೆ ನರ್ಸು.
ಕೀಲಿಗೊಂಚಲಿನ ಪ್ಲಾಸ್ಟಿಕ್ ಬಿಲ್ಲೆ ಬಾಯಿಗಿಟ್ಟು ನೋಡಿದ್ಲು. ಹಿಡೀಲಿಲ್ಲ.
ಅಲ್ಲಿ ಒಂದು ಯೂರೋ ಅಂತೆ. ಇಂಗ್ಲೆಂಡಿನಾಗೆ ಪೌಂಡು.
ಜಪಾನಿನಾಗೆ ಎಷ್ಟೋ ಕಡೆ ಬೀಗಾನೇ ಇಲ್ಲ, ಆದ್ರೂ ತಂದಿಡ್ತಾರಂತೆ.
ಅದು ಅವಳೂ ಕೇಳಿದ್ದು, ನೋಡಿದ್ದಲ್ಲ.
"ಹೋದ ಹೊಸದ್ರಾಗೆ, ಹಿಮ ಬೀಳ್ತಿತ್ತು ಕಾಕಾ,
ಚಿಲ್ಲರೆ ಇಲ್ದೆ ನಿಂತಿದ್ದೆ.
ಒಬ್ಬ ಮುದುಕಿ ತನ್ನ ಗಾಡೀನ ನನ್ನ ಕಡೆ ನೂಕಿ
ಮಾತಾಡದೆ ಹೋದ್ಲು. ಅದರ ಬಾಯಾಗೆ ಅವಳ ಯೂರೋ."
ಆಮೇಲೆ? ಅಂದೆ.
"ಆಮೇಲೇನು, ಗಾಡಿ ಕಟ್ಟಿ, ಆ ಯೂರೋದಾಗೆ ಬ್ರೆಡ್ ತಗೊಂಡೆ."

ಟಾಕೀಸಿನ ಮುಂದೆ ನಮ್ಮಪ್ಪನದು ಗೋಲಿಸೋಡಾ ಅಂಗಡಿ.
ಬಾಟಲಿ ಒಯ್ಯೋರು ಎಂಟಾಣೆ ಅನಾಮತ್ತು ಇಡಬೇಕು.
ನಂಬಿಕೆ ಇಲ್ಲೇನಪ್ಪ, ಅಂತ ಕೇಳೋರು.
ನಂಬಿಕೆಗಲ್ಲ, ನೆನಪಿಗೆ, ಅನ್ನೋನು.

ಹೋದ ಸೋಮವಾರ ಒಂದು ಟ್ರಾಲಿ ಗೇಟು ದಾಟಿತು.
ಕ್ಯಾಮೆರಾದಾಗೆ ಹಸಿರು ಸೀರೆ, ಅಕ್ಕಿ ಚೀಲ, ಅವಸರ ಇಲ್ಲದ ನಡಿಗೆ.
ನಾಲ್ಕನೇ ದಿನ ಗುಗ್ಗರಹಟ್ಟಿಯಾಗೆ ಸಿಕ್ಕಿತು.
ಹುಲಿಗೆಮ್ಮನ ಅಂಗಳದಾಗೆ, ತೊಳೆದು ವಿಭೂತಿ ಹಚ್ಚಿ,
ಗಾಲಿಗೆ ನಿಂಬೆಹಣ್ಣು, ಒಳಗೆ ನಾಲ್ಕು ಬಿಂದಿಗೆ.

ಯಾಕಮ್ಮ ತಂದೆ, ಅಂದೆ.
"ಹತ್ರುಪಾಯಿ ಹಾಕೀನಲ್ಲ?"
ಅದು ಅನಾಮತ್ತು, ವಾಪಸ್ ಬರ್ತೈತೆ.
"ಟೇಶನ್ನಿನ ತೂಕದ ಮಿಷಿನ್ನಿಗೆ ಹಾಕಿದ್ದು
ನಿಮ್ಮಪ್ಪಗಾದ್ರೂ ವಾಪಸ್ ಬಂದಿತ್ತಾ?"
ಬಂದಿರಲಿಲ್ಲ.

ಇಬ್ಬರೂ ತಳ್ಕೊಂತ ಬಂದ್ವಿ, ಬಿಂದಿಗೆ ಇಳಿಸಿ, ನಿಂಬೆಹಣ್ಣು ಬಿಡದೆ.
ಅದಿರಿನ ಕೆಂಪು ಧೂಳು, ಸುಡೋ ಹಿಡಿಕೆ,
ಒಂದು ಗಾಲಿ ಸಿರುಗುಪ್ಪಕ್ಕೇ ಹೋಗ್ತೀನಿ ಅಂತ ಎಳೀತಿತ್ತು.
ದಾರಿಯಾಗೆ ಒಬ್ಬ ಹುಡುಗ ಕೇಳಿದ, ಏನು ಮಾರ್ತೀರಿ?
"ಏನೂ ಇಲ್ಲೋ," ಅಂದ್ಲು, "ಕೊಂಡಿದ್ದನ್ನ ಕಸ್ಕೊಂಡು ಹೊಂಟಾನೆ."

ಮಾರ್ಟಿನ ಮುಂದೆ ಸರಪಳಿ ಸಿಕ್ಕಿಸಿದ್ಲು. ಟಕ್ ಅಂತ ನಾಣ್ಯ ಅಂಗೈಗೆ.
ತಿರುಗಿಸಿ ನೋಡಿದ್ಲು, ನನ್ನನ್ನೂ.
"ವರ್ಷದಿಂದ ಗೂಡಿನಾಗೆ ಬಿದ್ದಿತ್ತು,
ಯಾರೂ ತಗೊಳ್ಳದ್ದು ಇಲ್ಲಾದ್ರೂ ನಡೀತಲ್ಲ ಅಂತ
ಆವತ್ತು ಎಷ್ಟು ಖುಷಿಯಾಗಿದ್ದೆ ಗೊತ್ತಾ?
ಇದು ಬ್ಯಾಡ. ನೋಟು ಕೊಡು."

ಕೊಟ್ಟೆ.
ಈಗ ಜೇಬಿನಾಗೆ ಎರಡವೆ,
ಬಗ್ಗಿದಾಗೊಮ್ಮೆ ಒಂದಕ್ಕೊಂದು ತಾಗ್ತವೆ.