ಕಾಲಿಗೆ ಕಾಲು

ನನ್ನ ಕಸುಬು ತಕ್ಕಡಿ ರಿಪೇರಿ. ಭದ್ರಾವತಿ ಹಳೇನಗರದಲ್ಲಿ
ಯಾವ ಅಂಗಡಿಯ ಮುಳ್ಳು ಎತ್ತ ವಾಲುತ್ತದೆಂದು
ನನಗೆ ಗೊತ್ತು, ಹೇಳುವುದಿಲ್ಲ.
ಅಂಥವನು ಹುಂಜ ತೂಗುವಾಗ ಕೈ ನಡುಗಬಾರದು:
ಏಳುನೂರ ಮೂವತ್ತು ಗ್ರಾಂ.
ಒಂದು ಹಿಡಿ ರಾಗಿ ಹೆಚ್ಚಾಯಿತೋ, ಅದು ಬರೀ ಕೋಳಿ.

ಜಪಾನಿ ಬ್ಯಾಂಟಮ್. ಬಾಲ ನೆಟ್ಟಗೆ, ತಲೆಗಿಂತ ಎತ್ತರ,
ಕುಡುಗೋಲಿನ ಹಾಗೆ ಎರಡು ಗರಿ.
ಜುಟ್ಟಿಗೆ ಐದೇ ಹಲ್ಲು.
ರೆಕ್ಕೆಯ ತುದಿ ನೆಲ ಮುಟ್ಟಬೇಕು,
ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ.
ನಡೆದರೆ ನಡೆದಂತೆ ಕಾಣಬಾರದು,
ತಟ್ಟೆಯಲ್ಲಿಟ್ಟು ಯಾರೋ ದೂಡಿದಂತಿರಬೇಕು.

ಎದುರುಮನೆ ಪುಟ್ಟೀರಮ್ಮ ವಾರಕ್ಕೊಮ್ಮೆ ಕೇಳುತ್ತಾಳೆ:
"ಇನಾಸಣ್ಣ, ಇದು ಎಷ್ಟು ಜನದ ಸಾರಿಗಾಗ್ತದೆ?"
"ಒಬ್ಬರಿಗೂ ಆಗಲ್ಲ ಕಣಮ್ಮ."
"ಹಂಗಾದ್ರೆ ಯಾಕೆ?"
ರಾಗಿಯಲ್ಲಿ ಕಲ್ಲು ಆರಿಸುತ್ತ ಕೂರುತ್ತೇನೆ.

ಮೊದಲ ವರ್ಷ ಗಿಡ್ಡನಿಗೆ ಗಿಡ್ಡಿಯನ್ನೇ ಕೂಡಿಸಿದೆ.
ಥರ್ಮೋಕೋಲ್ ಪೆಟ್ಟಿಗೆ, ನಲವತ್ತರ ಬಲ್ಬು, ಹನ್ನೆರಡು ಮೊಟ್ಟೆ.
ಏಳನೇ ರಾತ್ರಿ ಟಾರ್ಚು ಹಿಡಿದೆ.
ಒಂಬತ್ತರೊಳಗೆ ಜೇಡನ ಬಲೆಯಂತೆ ನರ,
ನಡುವೆ ಮಿಡಿಯುವ ಸಾಸಿವೆ.
ಮೂರರಲ್ಲಿ ಕೆಂಪು ಉಂಗುರ. ಉಂಗುರದೊಳಗೆ ಬೆರಳಿಲ್ಲ.
ಅವನ್ನೂ ತೂಗಿದೆ, ಕಸುಬಿನ ಚಟ.
ಬದುಕಿದ್ದಕ್ಕೂ ಸತ್ತದ್ದಕ್ಕೂ
ಮುಳ್ಳು ಒಂದೇ ಗೀಟಿನ ಮೇಲೆ ನಿಂತಿತು.

ಮತ್ತೆ ಹದಿನಾರಿಟ್ಟೆ, ನಾಲ್ಕು ಹೋದವು.
ಮತ್ತೆ ಎಂಟು, ಎರಡು.
ಕರೆಂಟಿನವರನ್ನು ಬೈದೆ, ಬಲ್ಬು ಬದಲಿಸಿದೆ,
ರೆಜಿನಾ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದಳು.
ನನಗೆ ತಲೆಯಲ್ಲಿ ಒಂದೇ ಹುಳ:
ಇಷ್ಟು ಕರಾರುವಾಕ್ಕಾಗಿ ಕದಿಯುವ ವ್ಯಾಪಾರಿ ಯಾರು?

ಶಿವಮೊಗ್ಗದ ಪಶುವೈದ್ಯ ಕಾಲೇಜಿನ ತನ್ವೀರಾ
ಬಸ್ ಟಿಕೆಟಿನ ಹಿಂದೆ ನಾಲ್ಕು ಮನೆ ಗೀಚಿ
ಒಂದಕ್ಕೆ ಕಾಟು ಹೊಡೆದಳು.
"ಗಿಡ್ಡಗಾಲು ಅಪ್ಪನಿಂದಲೂ ಬಂದು ಅಮ್ಮನಿಂದಲೂ ಬಂದರೆ
ಅದು ಮೊಟ್ಟೆ ದಾಟಲ್ಲ ಅಂಕಲ್. ನಾಲ್ಕರಲ್ಲಿ ಒಂದು."
ಕಾಲಿಗೆ ಕಾಲು.
ಅಷ್ಟು ದಿನ ತೆತ್ತಿದ್ದೆ, ರಸೀದಿ ಈಗ ಸಿಕ್ಕಿತು.
"ಉದ್ದಗಾಲಿನ ಹುಂಜ ಬಿಡಿ, ಒಂದೂ ಸಾಯಲ್ಲ."

ಉದ್ದಗಾಲಿನವು ಹುಟ್ಟುತ್ತಲೇ ಇದ್ದವು.
ಗೂಡಿಗೆ ಅವಮಾನವೆಂದು ಕಂಡಕಂಡವರಿಗೆ ಕೊಟ್ಟಿದ್ದೆ.
ಕೆಲವನ್ನು ಯಾರಿಗೆ ಕೊಟ್ಟೆನೆಂದು ಇಲ್ಲಿ ಬರೆಯುವುದಿಲ್ಲ.
ಒಬ್ಬ ಮಾತ್ರ ಪುಟ್ಟೀರಮ್ಮನ ಹಿತ್ತಲಲ್ಲಿ
ತಿಪ್ಪೆ ಕೆದರುತ್ತಿದ್ದ, ಬೆಳ್ಳಗೆ, ಕರಿ ಬಾಲ,
ಹೆಜ್ಜೆಗೊಮ್ಮೆ ಮೊಣಕಾಲೆತ್ತಿ.
"ಸಾರಿಗಾಗಲ್ಲ ಅಂದಿದ್ದೆಯಲ್ಲ," ಅಂದಳು,
"ಅದಕ್ಕೇ ಉಳಿದಿದಾನೆ."

ಆ ಸಲ ಹತ್ತಕ್ಕೆ ಹತ್ತು ಒಡೆದು ಬಂದವು. ಐದು ಗಿಡ್ಡ, ಐದು ಉದ್ದ.
ಟಾರ್ಚು ಆರಿಸಿ ಕತ್ತಲಲ್ಲಿ ಸುಮ್ಮನೆ ಕೂತಿದ್ದೆ
ಆ ಚಿಂವ್‌ಚಿಂವ್ ಎಣಿಸುತ್ತ, ಎಣಿಕೆ ತಪ್ಪುತ್ತ.

ಶಿವಮೊಗ್ಗದ ಪ್ರದರ್ಶನಕ್ಕೆ ಅವನ ಮಗನನ್ನೊಯ್ದೆ.
ಮಗುವಿನ ಶಾಂಪೂ, ರೆಜಿನಾಳ ಹೇರ್ ಡ್ರೈಯರು,
ಜುಟ್ಟಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ.
ಪಾಲಕ್ಕಾಡಿನಿಂದ ಬಂದ ತೀರ್ಪುಗಾರ ಕೋಲಿನಿಂದ ಬಾಲ ನೇವರಿಸಿ,
ಕಾಲ ಬಳಿ ಬೆರಳಿಟ್ಟು, ಬೆರಳು ಹಿಡಿಸದೆ, ನಕ್ಕ.
ಎರಡನೇ ಬಹುಮಾನ. ಜುಟ್ಟಿನ ಐದನೇ ಹಲ್ಲು ಕೊಂಚ ಸೊಟ್ಟ,
ಅದು ಸರಿಯೇ, ನಾನೂ ನೋಡಿದ್ದೆ.

ಫಾರಂನಲ್ಲಿ ಒಂದು ಸಾಲಿತ್ತು: ತಂದೆ, ತೂಕ, ಗಳಿಸಿದ ಪದಕ.
ಪೆನ್ನು ಅಲ್ಲೇ ನಿಂತಿತು.
ಊರಿಗೆಲ್ಲ ತೂಕದ ಮುದ್ರೆ ಸರಿಮಾಡಿಕೊಡುವ ನಾನು
ಅವನನ್ನೊಮ್ಮೆಯೂ ತಕ್ಕಡಿಗಿಟ್ಟಿಲ್ಲ.

ಇವತ್ತಿಗೂ ಇಟ್ಟಿಲ್ಲ. ಬೇಕಾದಾಗ ಎರವಲು ತರುತ್ತೇನೆ.
ವಾರಕ್ಕೆ ನಾಲ್ಕು ಮೊಟ್ಟೆ ಬಾಡಿಗೆ;
ಪುಟ್ಟೀರಮ್ಮ ಒಂದೊಂದನ್ನೂ ಅಂಗೈಯಲ್ಲಿ ತೂಗಿ
"ಸಣ್ಣವು," ಅನ್ನುತ್ತಾಳೆ, "ಇನ್ನೊಂದು ಹಾಕು."